ಹಗೇವಿನ ಬಾಯಲ್ಲಿ ಕಂದೀಲು

ಎರೆಮಣ್ಣಿನ ನಮ್ಮ ಸೀಮೆಯಲ್ಲಿ ಜೋಳ ಇಡುತ್ತಿದ್ದ ಜಾಗ ನೆಲದ ಹೊಟ್ಟೆ. ರೋಣ, ನರಗುಂದ, ಗಜೇಂದ್ರಗಡದ ಹಳೆಯ ಓಣಿಗಳಲ್ಲಿ ಅಂಗಳದಡಿ, ಪಡಸಾಲೆಯಡಿ ಹಗೇವುಗಳಿದ್ದವು. ಈಗ ಬಹುತೇಕ ಮುಚ್ಚಿಹೋಗಿವೆ. ಎಲ್ಲಿದ್ದವು ಎಂಬ ನೆನಪೂ ಅಳಿಸಿದೆ. ಮರೆತ ಹಗೇವು ಸುಮ್ಮನಿರುವುದಿಲ್ಲ ಎಂಬುದನ್ನು ನರಗುಂದದವರಿಗೆ ಹೇಳಬೇಕಾಗಿಲ್ಲ. ಕೆಲವು ವರ್ಷಗಳಿಂದ ಅಲ್ಲಿ ಮನೆಯೊಳಗಿನ ನೆಲವೇ ದಿಢೀರನೆ ಕುಸಿಯುತ್ತಿದೆ.

ನಾನು ಹೇಳಹೊರಟಿರುವುದು ಹಗೇವು ತೆರೆಯುವ ಕ್ರಮದ ಬಗ್ಗೆ. ಬಾಯಿ ಬಿಚ್ಚಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ಮುಚ್ಚಿಟ್ಟ ಕಾಳು ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟಿರುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಅಜ್ಜಂದಿರಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಪರಿಣಾಮ ಗೊತ್ತಿತ್ತು. ಹೊತ್ತುಗಟ್ಟಲೆ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿತೋ, ಇಳಿಯುವಂತಿಲ್ಲ. ಇಳಿಯುವವನ ಸೊಂಟಕ್ಕೂ ಹಗ್ಗ, ಹಗ್ಗದ ತುದಿ ಹಿಡಿದು ಬಾಯಲ್ಲಿ ಒಬ್ಬ. ಒಳಗಿದ್ದವನ ದನಿ ನಿಂತರೆ ಮೇಲಿನವನು ಎಳೆಯಬೇಕು, ತಾನೂ ಇಳಿಯಬಾರದು.

ಕಂದೀಲು ಹಿಡಿದವನಿಗೆ ‘ನೀ ಮಂದಿಗೆ ಹಗೇವಿಗೆ ಬೀಳೂದು ಕಲಸಾಕತ್ತೀಯೇನು?’ ಎಂದು ಯಾರೂ ಕೇಳಲಿಲ್ಲ. ಇದೇ ತಿಳಿವಳಿಕೆಯನ್ನು ಮಾದಕದ್ರವ್ಯದ ವಿಷಯಕ್ಕೆ ತಂದ ಕೂಡಲೇ ಆ ಪ್ರಶ್ನೆ ಏಳುತ್ತದೆ. ‘ಹಾನಿ ತಗ್ಗಿಸುವುದು’ ಎಂಬ ಮಾತಿಗೆ ನಮ್ಮಲ್ಲಿ ‘ತಿನ್ನಲು ಪರವಾನಗಿ’ ಎಂಬ ಅರ್ಥ ಅಂಟಿಕೊಂಡಿದೆ. ತಿನ್ನಬೇಡ ಎಂದ ಮೇಲೆ ಮುಂದಿನ ಮಾತೇಕೆ ಎಂಬ ವಾದಕ್ಕೆ ತೂಕವಿಲ್ಲ ಎಂದು ನಾನು ಹೇಳುವುದಿಲ್ಲ. ಮಗನನ್ನು ಬೆಂಗಳೂರಿಗೆ ಓದಲು ಕಳಿಸಿದ, ಇಲ್ಲವೇ ಗೋವಾಕ್ಕೆ ಕೆಲಸಕ್ಕೆ ಕಳಿಸಿದ ತಾಯಿ ‘ಬ್ಯಾಡ’ ಎನ್ನದೆ ಇನ್ನೇನು ಹೇಳಿಯಾಳು? ಆದರೆ ಆ ‘ಬ್ಯಾಡ’ ಮೀರಿಹೋದ ರಾತ್ರಿಗೆ ನಮ್ಮಲ್ಲಿ ಒಂದೇ ಒಂದು ಮಾತೂ ಇಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಆ ರಾತ್ರಿ ಏನಾಗುತ್ತದೆ ನೋಡಿ. ಎಂಡಿಎಂಎ ಎಂಬ ಮಾದಕ ಗುಳಿಗೆ ನುಂಗಿದವನಿಗೆ ಅದರ ಅಮಲೇರಲು ಅರ್ಧ ತಾಸಿನಿಂದ ಒಂದು ತಾಸು ಬೇಕು. ‘ಏನೂ ಆಗಲಿಲ್ಲ’ ಎಂದು ಇನ್ನೊಂದು ನುಂಗುತ್ತಾನೆ; ಎರಡೂ ಒಟ್ಟಿಗೆ ಏರುತ್ತವೆ. ಗುಳಿಗೆಯಲ್ಲಿ ಎಂಡಿಎಂಎ ಬದಲು ಇನ್ನೂ ನಿಧಾನದ, ಇನ್ನೂ ವಿಷಕಾರಿಯಾದ ಬೇರೇನೋ ಇದ್ದರೂ ಅವನಿಗೆ ತಿಳಿಯದು. ಕಿಕ್ಕಿರಿದ ಕೋಣೆಯಲ್ಲಿ ಕುಣಿಯುತ್ತ ಮೈಕಾವು ಮಿತಿಮೀರುತ್ತದೆ. ನೀರು ಕುಡಿ ಎಂದು ಯಾರೋ ಹೇಳಿದರೆಂದು ಲೀಟರುಗಟ್ಟಲೆ ಕುಡಿದರೆ ಅದೂ ಕುತ್ತು: ರಕ್ತದಲ್ಲಿ ಸೋಡಿಯಂ ಕುಸಿದು ಮಿದುಳು ಬಾತುಕೊಳ್ಳುತ್ತದೆ. ಅರ್ಧ ತಿಳಿವಳಿಕೆಯೂ ಕೊಲ್ಲಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ತಾಲೂಕುಗಳಲ್ಲಿ ಹೆಚ್ಚು ಭಯಪಡಬೇಕಾದದ್ದು ಬಹುಶಃ ಎಂಡಿಎಂಎಗಲ್ಲ, ಮದ್ಯದ ಜೊತೆ ನಿದ್ದೆಗುಳಿಗೆಯೋ ಅಫೀಮು ಜಾತಿಯ ನೋವಿನ ಗುಳಿಗೆಯೋ ಕೂಡುವ ಸ್ನೇಹಕ್ಕೆ. ಬೇರೆಬೇರೆಯಾಗಿ ತಡೆದುಕೊಳ್ಳಬಹುದಾದ ಎರಡು, ಕೂಡಿದಾಗ ಉಸಿರಾಟವನ್ನೇ ಮರೆಸುತ್ತವೆ. ಹುಡುಗ ಅಂಗಾತ ಬಿದ್ದಿರುತ್ತಾನೆ, ಗಂಟಲಿನಿಂದ ಗುರುಗುರು ಸಪ್ಪಳ. ‘ಗೊರಕೀ ಹೊಡ್ಯಾಕತ್ತಾನ, ಮಲಗ್ಲಿ ಬಿಡಲೇ’ ಎಂದು ಗೆಳೆಯರು ಎದ್ದುಹೋಗುತ್ತಾರೆ. ಅದು ಉಸಿರು ಸಿಕ್ಕಿಕೊಂಡ ಸಪ್ಪಳವಿರಬಹುದು. ಆ ಹೊತ್ತಿಗೆ ಬೇಕಾದದ್ದು ಬಹಳವಿಲ್ಲ: ಕೂಗಿ, ಅಲುಗಾಡಿಸಿ ಎಬ್ಬಿಸಬೇಕು, ಏಳದಿದ್ದರೆ 108ಕ್ಕೆ ಫೋನ್ ಮಾಡಬೇಕು. ಉಸಿರಿದ್ದರೆ ವಾಂತಿ ಶ್ವಾಸನಾಳಕ್ಕೆ ಇಳಿಯದಂತೆ ಮಗ್ಗುಲಾಗಿ ಮಲಗಿಸಿ ಪಕ್ಕದಲ್ಲೇ ಕೂರಬೇಕು. ನಾವು ಮಾಡುವುದೇನು? ಲಿಂಬೆಹಣ್ಣು ಹಿಂಡುತ್ತೇವೆ, ಮಜ್ಜಿಗೆ ಹೊಯ್ಯುತ್ತೇವೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ನೋಡುತ್ತೇವೆ. ಎಚ್ಚರ ತಪ್ಪಿದವನ ಬಾಯಿಗೆ ಹೊಯ್ದ ಮಜ್ಜಿಗೆ ಹೊಟ್ಟೆಗೆ ಹೋಗುತ್ತದೆಂಬ ಭರವಸೆಯಿಲ್ಲ, ಪುಪ್ಪುಸಕ್ಕೂ ಹೋದೀತು.

ಗಜೇಂದ್ರಗಡದಿಂದ ಗದಗಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ 50 ಕಿಲೋಮೀಟರಿಗೂ ಹೆಚ್ಚು. ಆಮ್ಲಜನಕವಿಲ್ಲದ ಮಿದುಳು ಕಾಯುವುದು ನಾಲ್ಕೈದು ನಿಮಿಷ. ಅಫೀಮು ಜಾತಿಯ ಮದ್ದಿನ ಅತಿಸೇವನೆಗೆ ನಲೋಕ್ಸೋನ್ ಎಂಬ ಪ್ರತಿಮದ್ದಿದೆ. ನಿಂತ ಉಸಿರನ್ನು ನಿಮಿಷಗಳಲ್ಲಿ ಮರಳಿಸುತ್ತದೆ, ಆದರೆ ಅದು ಇರಬೇಕಾದುದು ಬಿದ್ದವನ ಹತ್ತಿರ. ದಾರಿ ಇಷ್ಟು ಉದ್ದವಿರುವಾಗ ಮೊದಲ ಆಸ್ಪತ್ರೆ ಪಕ್ಕದಲ್ಲಿರುವ ಗೆಳೆಯನೇ. ಅವನನ್ನು ಕಟ್ಟಿಹಾಕುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಅಂಜಿಕೆ. ಪೊಲೀಸರ ಅಂಜಿಕೆ ಒಂದು. ಇನ್ನೊಂದು, ‘ಊರಾಗ ಗೊತ್ತಾದ್ರ ಮಾನ ಹೋಗ್ತದ’ ಎಂಬುದು. ಎರಡನೆಯದೇ ದೊಡ್ಡದು ಎಂದು ನನ್ನ ಗುಮಾನಿ.

ಕಾನೂನು ಇಲ್ಲಿ ಅಷ್ಟೇನೂ ಕುರುಡಲ್ಲ ಎಂಬುದು ನಮ್ಮ ನೀತಿವಾದಿಗಳಿಗೇ ಗೊತ್ತಿದ್ದಂತಿಲ್ಲ. 1985ರ ಮಾದಕದ್ರವ್ಯ ಕಾಯಿದೆ ಸೇವನೆಗೂ ಶಿಕ್ಷೆ ಹೇಳುತ್ತದೆ, ನಿಜ. ಅದೇ ಕಾಯಿದೆಯ 64ಎ ಕಲಮು ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ಸೂಜಿಯಿಂದ ಎಚ್‌ಐವಿ ಹರಡುವುದನ್ನು ತಡೆಯಲು ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೇ ಹೊಸ ಸೂಜಿ ಹಂಚಿಸಿದೆ, ಹೆರಾಯಿನ್ ಬದಲಿಗೆ ಬುಪ್ರೆನಾರ್ಫಿನ್ ಕೊಡಿಸಿದೆ. ಅಂದರೆ ಸರಕಾರ ಒಂದು ಕೈಯಲ್ಲಿ ಲಾಠಿ, ಇನ್ನೊಂದು ಕೈಯಲ್ಲಿ ಕಂದೀಲು ಹಿಡಿದೇ ಇದೆ. ಆದರೆ ಬಿದ್ದವನಿಗಾಗಿ ಫೋನ್ ಮಾಡುವ ಗೆಳೆಯನ ಕಥೆ ಬೇರೆ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ರಕ್ಷಣೆ ಕೊಟ್ಟಿತು. ಬೈಕಿನಿಂದ ಬೀಳದೆ ಅಮಲಿನಿಂದ ಬಿದ್ದವನ ಗೆಳೆಯನಿಗೆ ಆ ರಕ್ಷಣೆ ಅನ್ವಯಿಸದು.

ನಿಷೇಧವೊಂದೇ ಸಾಕೆನ್ನುವವರಿಗೆ ಕರ್ನಾಟಕದ ಸಾರಾಯಿ ಚರಿತ್ರೆ ನೆನಪಿಸಬೇಕು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಮತ್ತೆ ಅದೇ ವಿಷ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಸಾರಾಯಿ ನಿಲ್ಲಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದಕ್ಕಾಗಿ ಹೋರಾಡಿದ ಹೆಣ್ಣುಮಕ್ಕಳ ಮನೆಗಳಲ್ಲಿ ನೆಮ್ಮದಿ ಬಂದಿದ್ದರೆ ಅದು ಸಣ್ಣದಲ್ಲ. ಆದರೆ ಬೇಡಿಕೆ ಉಳಿದು ದಾರಿ ಮುಚ್ಚಿದಾಗ ಬಾಟಲಿಯೊಳಗೇನಿದೆ ಎಂದು ಹೇಳುವವರು ಯಾರೂ ಇರುವುದಿಲ್ಲ. ಮೆಥನಾಲ್ ತನ್ನ ಕೆಲಸಕ್ಕೆ ಹೊತ್ತು ತೆಗೆದುಕೊಳ್ಳುತ್ತದೆ. ಮರುದಿನ ಕಣ್ಣು ಮಂಜಾದಾಗಲೇ ಹಲವರಿಗೆ ಅನುಮಾನ. ಆಗ ಆಸ್ಪತ್ರೆಯಲ್ಲಿ ಕೊಡುವ ಪ್ರತಿಮದ್ದುಗಳಲ್ಲೊಂದು ಎಥನಾಲ್, ಅಂದರೆ ಮದ್ಯವೇ. ವೈದ್ಯಶಾಸ್ತ್ರ ಇಂಥದ್ದಕ್ಕೆ ನಾಚುವುದಿಲ್ಲ.

ನೆದರ್ಲೆಂಡ್ಸ್‌ನಲ್ಲಿ 1992ರಿಂದ ಜನ ತಮ್ಮ ಗುಳಿಗೆಯನ್ನು ಪ್ರಯೋಗಾಲಯಕ್ಕೆ ಒಯ್ದು ಒಳಗೇನಿದೆ ಎಂದು ತಿಳಿದುಕೊಳ್ಳುವ ವ್ಯವಸ್ಥೆಯಿದೆ. ಅದು ನಾಳೆ ರೋಣಕ್ಕೆ ಬರಲಿ ಎನ್ನುವಷ್ಟು ಮುಗ್ಧ ನಾನಲ್ಲ. ಅಲ್ಲಿಯೂ ಗುಳಿಗೆಗೆ ‘ಸುರಕ್ಷಿತ’ ಎಂಬ ಮುದ್ರೆ ಒತ್ತುವುದಿಲ್ಲ. ಕಂದೀಲೂ ಅಷ್ಟೇ, ಉರಿಯುತ್ತಿದ್ದರೆ ಹಗ್ಗ ಬಿಚ್ಚಬಹುದು ಎಂದು ಅರ್ಥವಲ್ಲ.

ನಮ್ಮದೇ ದಾರಿಯೊಂದು ಹತ್ತಿರದಲ್ಲೇ ಇದೆ. ಗಜೇಂದ್ರಗಡದ ನೆರೆಯ ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮಿಗಳು ಓಣಿ ಓಣಿ ತಿರುಗಿ ಭಿಕ್ಷೆ ಬೇಡಿದರು. ಬೇಡಿದ್ದು ಕಾಳನ್ನಲ್ಲ, ಜನರ ದುಶ್ಚಟವನ್ನು. ಬಾಟಲಿ, ಬೀಡಿ, ತಂಬಾಕಿನ ಚೀಟು ಆ ‘ಮಹಾಂತ ಜೋಳಿಗೆ’ಗೆ ಬಿದ್ದವು. ಅವರು 2018ರಲ್ಲಿ ತೀರಿಕೊಂಡರು. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ಈ ಜೋಳಿಗೆಯ ಹೆಚ್ಚಳ ಇರುವುದು ಅದರ ಭಂಗಿಯಲ್ಲಿ: ಸ್ವಾಮಿ ಬೇಡುವವನು, ಕುಡುಕ ಕೊಡುವವನು. ಎತ್ತರ ಅದಲುಬದಲಾದಾಗ ನಾಚಿಕೆ ತಾನಾಗಿ ಕರಗುತ್ತದೆ. ಆದರೂ ಜೋಳಿಗೆಗೆ ಹಾಕಿದವರಲ್ಲಿ ಕೆಲವರು ತಿಂಗಳ ಮೇಲೆ ಮತ್ತೆ ಜಾರುತ್ತಾರೆ. ಆಗಿನ ಅಪಾಯವನ್ನು ಯಾವ ಶಿಬಿರದ ವೇದಿಕೆಯಲ್ಲೂ ನಾನು ಕೇಳಿಲ್ಲ: ಬಿಟ್ಟಿದ್ದ ಅವಧಿಯಲ್ಲಿ ದೇಹದ ಸಹಿಷ್ಣುತೆ ಇಳಿದಿರುತ್ತದೆ, ಹಳೆಯ ಅಳತೆಯೇ, ಅದರಲ್ಲೂ ಹೆರಾಯಿನ್ ಮತ್ತು ನೋವಿನ ಗುಳಿಗೆಗಳಲ್ಲಿ, ಪ್ರಾಣಕ್ಕೆ ಸಾಕಾಗುತ್ತದೆ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ಬಿಟ್ಟರೂ ಫಿಟ್ಸ್, ಸನ್ನಿ ಬಂದು ಸಾಯಬಹುದು. ಆಣೆ ಮಾಡಿಸುವಾಗ ಇವೆರಡನ್ನು ಹೇಳಿದರೆ ಆಣೆಯ ಪಾವಿತ್ರ್ಯಕ್ಕೆ ಎಲ್ಲಿ ಕುಂದು?

ಒಂದು ಆಕ್ಷೇಪ ಉಳಿಯಿತು, ಅದೇ ಗಟ್ಟಿಯಾದದ್ದು. ಹಗೇವಿನೊಳಗೆ ಜೋಳವಿತ್ತು, ಇಳಿಯಲು ಕಾರಣವಿತ್ತು, ಗುಳಿಗೆಯಲ್ಲೇನಿದೆ? ಹೋಲಿಕೆ ಅಲ್ಲಿ ಮುರಿಯುತ್ತದೆ, ಒಪ್ಪುತ್ತೇನೆ. ಒಬ್ಬ ಹಸಿವಿಗೆ ಇಳಿದ, ಇನ್ನೊಬ್ಬ ಮೋಜಿಗೆ. ಆದರೆ ಇಳಿಯುವ ಮೊದಲು ಕೇಳಬೇಕಾದ ಆ ಪ್ರಶ್ನೆಯನ್ನು ಒಳಗಿನ ದನಿ ನಿಂತ ಮೇಲೆ ಕೇಳುತ್ತ ನಿಂತರೆ, ಹಗ್ಗ ಯಾರ ಕೈಯಲ್ಲಿದೆ? ಜಾತ್ರೆಯ ರಾತ್ರಿ ಊರ ಹೊರಗೆ ಬೈಕು ನಿಲ್ಲಿಸಿ ಕೂತ ನಾಲ್ಕು ಹುಡುಗರಲ್ಲಿ ಒಬ್ಬನ ತುಟಿ ನೀಲಿಯಾಗಿದೆ ಎಂದುಕೊಳ್ಳಿ. ಉಳಿದ ಮೂವರ ಕಿಸೆಯಲ್ಲಿ ಫೋನಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ, ಮೊದಲು ಮಾಡುವವರು ಯಾರೆಂದು.