ಮಣ್ಣಿನೊಳಗಿನ ಇಂಗಾಲ ಯಾರ ಸೊತ್ತು?

ಅಳೆಯುವ ವಿದ್ಯೆಯು ಮಾನವನಿಗೆ ಹೊಸದಲ್ಲ. ಖಂಡುಗ, ಕೊಳಗ, ಬಳ್ಳ, ಸೇರುಗಳಿಂದ ಅವನು ಧಾನ್ಯವನ್ನು ಅಳೆದನು. ಮಾರು, ಮೊಳ, ಗೇಣುಗಳಿಂದ ಬಟ್ಟೆಯನ್ನೂ ಬಾವಿಯ ಆಳವನ್ನೂ ಅಳೆದನು. ಕೈಯಿಂದ ಕೈಗೆ ಹೋಗುವ ವಸ್ತುವಿಗೆ ಅಳತೆಯು ಬೇಕಾಗಿದ್ದ ಕಾಲವದು. ಕೊಡುವವನಿದ್ದನು, ಕೊಳ್ಳುವವನಿದ್ದನು, ನಡುವೆ ಕೊಳಗವಿದ್ದಿತು. ನಮ್ಮ ಕಾಲದಲ್ಲಿಯಾದರೋ ಕಣ್ಣಿಗೆ ಕಾಣದ, ಕೈಗೆ ಸಿಗದ, ಮೊನ್ನೆಯವರೆಗೆ ಯಾರೂ ತನ್ನದೆಂದು ಹೇಳಿಕೊಳ್ಳದಿದ್ದ ವಸ್ತುವೊಂದು ಅಳತೆಗೆ ಸಿಕ್ಕಿದೆ. ಅದು ಇಂಗಾಲ. ಗಾಳಿಯಲ್ಲಿರುವ ಇಂಗಾಲವನ್ನು ಅಳೆಯುತ್ತಾರೆ, ಮಣ್ಣಿನಲ್ಲಿರುವುದನ್ನು ಅಳೆಯುತ್ತಾರೆ, ಧ್ರುವಪ್ರಾಂತದ ಹೆಪ್ಪುಗಟ್ಟಿದ ನೆಲವು ಕರಗುವಾಗ ಹೊರಬರುವುದನ್ನೂ ಅಳೆಯುತ್ತಾರೆ. ಅಳೆದುದಕ್ಕೆ ಬೆಲೆ ಕಟ್ಟುವ ಮಾತೂ ಈಗ ಬಂದಿದೆ. ಬೆಲೆ ಬಂದೊಡನೆ ಇದು ಯಾರದು ಎಂಬ ಪ್ರಶ್ನೆ ಏಳುವುದು ಸಹಜ. ಆ ಪ್ರಶ್ನೆಗೆ ಪ್ರಯೋಗಶಾಲೆಯು ಉತ್ತರ ಕೊಡಲಾರದು. ಅದು ಧರ್ಮಾಧರ್ಮಗಳ ಪ್ರಶ್ನೆಯಾದುದರಿಂದ ಇಲ್ಲಿ ಅದನ್ನು ವಿಚಾರಿಸುವುದು ಅನುಚಿತವಾಗಲಾರದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ರೈತ ಬಂಧುಗಳಲ್ಲಿ ಅನೇಕರ ಮನೆಗಳಲ್ಲಿ ಮಣ್ಣು ಆರೋಗ್ಯ ಚೀಟಿಯಿದೆ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಯೋಜನೆಯದು. ಅದರಲ್ಲಿ ಹನ್ನೆರಡು ಅಂಶಗಳನ್ನು ಬರೆದಿರುತ್ತಾರೆ. ಸಾರಜನಕ, ರಂಜಕ, ಪೊಟ್ಯಾಷ್‌ಗಳ ಸಾಲುಗಳನ್ನು ಎಲ್ಲರೂ ಓದುತ್ತಾರೆ, ಏಕೆಂದರೆ ಗೊಬ್ಬರದಂಗಡಿಯಲ್ಲಿ ಸಿಗುವ ಚೀಲಗಳಿಗೂ ಆ ಸಾಲುಗಳಿಗೂ ನೇರ ಸಂಬಂಧವಿದೆ. ಸಾವಯವ ಇಂಗಾಲವೆಂಬ ಸಾಲನ್ನು ಓದುವವರು ಕಡಮೆ. ಅಂಗಡಿಯಲ್ಲಿ ಅದರ ಚೀಲ ಸಿಗುವುದಿಲ್ಲವಷ್ಟೆ! ನನ್ನ ದೃಷ್ಟಿಯಲ್ಲಿ ಆ ಚೀಟಿಯ ಹನ್ನೆರಡು ಸಾಲುಗಳಲ್ಲಿ ಅತ್ಯಂತ ಅರ್ಥಗರ್ಭಿತವಾದುದು ಅದೇ.

ಆ ಸಂಖ್ಯೆಯನ್ನು ಕಂಡುಹಿಡಿಯುವ ಬಗೆಯನ್ನು ಕೊಂಚ ನೋಡೋಣ. ಹೊಲದ ನಾಲ್ಕು ಮೂಲೆಗಳಲ್ಲಿಯೂ ನಡುವೆಯೂ ಅರ್ಧ ಅಡಿಯಷ್ಟು ಆಳಕ್ಕೆ ಅಗೆದು ತೆಗೆದ ಮಣ್ಣನ್ನು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಜರಡಿ ಹಿಡಿದು, ಅದರಲ್ಲಿ ಒಂದು ಗ್ರಾಮಿನಷ್ಟನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ. ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣವನ್ನೂ ಗಂಧಕಾಮ್ಲವನ್ನೂ ಹಾಕಿದರೆ ಮಣ್ಣಿನೊಳಗಿನ ಜೀವಜನ್ಯ ಇಂಗಾಲವು ಉತ್ಕರ್ಷಣೆಗೊಳ್ಳುತ್ತದೆ, ಎಂದರೆ ಒಲೆಯಿಲ್ಲದೆಯೇ ಉರಿಯುತ್ತದೆ. ಎಷ್ಟು ಡೈಕ್ರೋಮೇಟ್ ಉಳಿಯಿತೆಂಬುದನ್ನು ನೋಡಿ ಎಷ್ಟು ಇಂಗಾಲವಿತ್ತೆಂದು ಲೆಕ್ಕ ಹಾಕುತ್ತಾರೆ. ವಾಕ್ಲೀ ಮತ್ತು ಬ್ಲ್ಯಾಕ್ ಎಂಬ ಇಬ್ಬರು ವಿಜ್ಞಾನಿಗಳು 1934ರಲ್ಲಿ ಪ್ರಕಟಿಸಿದ ಈ ವಿಧಾನವು ಇಂದಿಗೂ ಬಳಕೆಯಲ್ಲಿದೆ. ಇದರಲ್ಲಿ ಇಂಗಾಲವೆಲ್ಲವೂ ಉರಿಯುವುದಿಲ್ಲ. ಸರಾಸರಿ ಶೇಕಡಾ 77ರಷ್ಟು ಮಾತ್ರ ಉರಿಯುವುದೆಂದು ಹಿಡಿದು, ಬಂದ ಉತ್ತರವನ್ನು 1.3ರಿಂದ ಗುಣಿಸುತ್ತಾರೆ. ಅಳತೆಯು ತನ್ನ ಕೊರತೆಯನ್ನು ತಾನೇ ಒಪ್ಪಿಕೊಂಡು, ಅದನ್ನು ಲೆಕ್ಕದೊಳಗೆ ಸೇರಿಸಿಕೊಳ್ಳುವ ಈ ಪ್ರಾಮಾಣಿಕತೆಯು ನನಗೆ ಮೆಚ್ಚಿಕೆಯಾದುದು. ನಮ್ಮ ಬೇರೆ ಲೆಕ್ಕಗಳಲ್ಲಿ ಇದು ಅಪರೂಪ.

ಶೇಕಡಾ ಅರ್ಧಕ್ಕಿಂತ ಕೆಳಗಿದ್ದರೆ ಕಡಮೆ, ಅರ್ಧದಿಂದ ಮುಕ್ಕಾಲರವರೆಗೆ ಮಧ್ಯಮ, ಮುಕ್ಕಾಲಕ್ಕಿಂತ ಮೇಲಿದ್ದರೆ ಹೆಚ್ಚು ಎಂದು ನಮ್ಮ ದೇಶದ ಕೃಷಿ ಇಲಾಖೆಗಳು ಎಣಿಸುತ್ತವೆ. ನೂರರಲ್ಲಿ ಅರ್ಧ ಪಾಲು ಎಂಬುದು ಕೇಳಲು ಅಲ್ಪ. ಆದರೆ ಒಂದು ಎಕರೆಯ ಅರ್ಧ ಅಡಿ ಮೇಲ್ಮಣ್ಣಿನ ತೂಕವು ಸುಮಾರು 900 ಟನ್ ಆಗುತ್ತದೆ. ಇಂಗಾಲವು ಶೇಕಡಾ 0.1ರಷ್ಟು ಇಳಿಯಿತೆಂದರೆ ಆ ಎಕರೆಯಿಂದ 900 ಕಿಲೋಗ್ರಾಂ ಇಂಗಾಲವು ಹೊರಟುಹೋಯಿತೆಂದು ಅರ್ಥ. ಅದು ಗಾಳಿಯ ಆಮ್ಲಜನಕದೊಡನೆ ಸೇರಿದರೆ ಮೂರು ಟನ್ನಿಗೂ ಮಿಗಿಲಾದ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಯಾರೂ ಕದ್ದೊಯ್ಯಲಿಲ್ಲ, ಹೊಲಕ್ಕೆ ಬೆಂಕಿ ಬೀಳಲಿಲ್ಲ. ಆದರೂ ಬಂಡಿಗಟ್ಟಲೆ ವಸ್ತು ಹೋಯಿತು.

ಹೋದದ್ದು ಎಲ್ಲಿಗೆ? ಗಾಳಿಗೆ. ಅಲ್ಲಿಯೂ ಅಳೆಯುವವರಿದ್ದಾರೆ. ಚಾರ್ಲ್ಸ್ ಕೀಲಿಂಗ್ ಎಂಬ ಅಮೆರಿಕದ ವಿಜ್ಞಾನಿಯು 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಎಂಬ ಬೆಟ್ಟದ ಮೇಲೆ ಈ ಅಳತೆಯನ್ನು ಆರಂಭಿಸಿದಾಗ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇದ್ದಿತು. 2024ರಲ್ಲಿ ಅದು 420ನ್ನು ಮೀರಿತ್ತು. ಕೈಗಾರಿಕೆಗಳು ಬೆಳೆಯುವುದಕ್ಕೆ ಮುಂಚೆ 280ರ ಸುಮಾರಿನಲ್ಲಿತ್ತು. ನಮಗೆ ಹತ್ತಿರದ ಗೋವೆಯ ಕರಾವಳಿಯ ಕಾಬೊ ಡಿ ರಾಮಾದಲ್ಲಿಯೂ 1993ರಲ್ಲಿ ಸೀಸೆಗಳಲ್ಲಿ ಗಾಳಿಯನ್ನು ಹಿಡಿದು ಪರೀಕ್ಷಿಸುವ ಕೆಲಸವು ಮೊದಲಾಯಿತು. ಈ ಏರಿಕೆಯ ಬಹುಪಾಲು ಕಲ್ಲಿದ್ದಲು ಮತ್ತು ಎಣ್ಣೆಗಳ ಉರಿಯಿಂದ ಬಂದುದು. ಕಡಿದ ಕಾಡುಗಳೂ ಸವೆದ ಮಣ್ಣೂ ತಮ್ಮ ಪಾಲನ್ನು ಸೇರಿಸಿವೆ. ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಸೀಸೆಯೊಳಗಿನ ಗಾಳಿಗೆ ಊರಿಲ್ಲ. ಅರಕಲಗೂಡಿನ ಹೊಲದಿಂದ ಹೋದ ಕಣವೂ ಅಮೆರಿಕದ ಕಾರಿನಿಂದ ಹೋದ ಕಣವೂ ಅಲ್ಲಿ ಒಂದೇ.

ಇನ್ನು ಹೆಪ್ಪುಗಟ್ಟಿದ ನೆಲದ ವಿಚಾರ. ಸೈಬೀರಿಯಾ, ಅಲಾಸ್ಕಾ, ಉತ್ತರ ಕೆನಡಾಗಳಲ್ಲಿ ವರ್ಷವಿಡೀ ಕರಗದೆ ಕಲ್ಲಿನಂತೆ ಗಟ್ಟಿಯಾಗಿರುವ ನೆಲವಿದೆ. ಸಹಸ್ರಾರು ವರ್ಷಗಳ ಹಿಂದೆ ಬೆಳೆದು ಬಿದ್ದ ಹುಲ್ಲುಬೇರುಗಳು ಕೊಳೆಯಲು ಅವಕಾಶವಿಲ್ಲದೆ ಅಲ್ಲಿ ಹಾಗೆಯೇ ಕುಳಿತಿವೆ. ಆ ಪ್ರದೇಶಗಳ ಮಣ್ಣಿನಲ್ಲಿರುವ ಇಂಗಾಲವು 1,40,000 ಕೋಟಿ ಟನ್ನಿಗೂ ಮಿಗಿಲೆಂದು ವಿಜ್ಞಾನಿಗಳ ಅಂದಾಜು. ಜಗತ್ತಿನ ವಾಯುಮಂಡಲದಲ್ಲಿ ಈಗಿರುವುದಕ್ಕಿಂತ ಅದು ಬಹಳ ಹೆಚ್ಚು. ಆ ಉತ್ತರದ ತುದಿಯು 1979ರಿಂದೀಚೆಗೆ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಕಾಯುತ್ತಿದೆ. ನೆಲ ಕರಗಿದಂತೆ ಸೂಕ್ಷ್ಮಜೀವಿಗಳು ಎಚ್ಚತ್ತು, ಹಳೆಯ ಕಣಜಕ್ಕೆ ಕೈಯಿಡುತ್ತವೆ. ಗಾಳಿ ಆಡುವಲ್ಲಿ ಇಂಗಾಲದ ಡೈಆಕ್ಸೈಡ್, ನೀರು ನಿಂತಲ್ಲಿ ಮೀಥೇನ್ ಹೊರಬರುತ್ತವೆ. ವಿಜ್ಞಾನಿಗಳು ನೆಲದ ಮೇಲೆ ಡಬ್ಬಿಯನ್ನು ಬೋರಲಿಟ್ಟು ಒಳಗೆ ಕೂಡುವ ಅನಿಲವನ್ನು ಅಳೆಯುತ್ತಾರೆ. ಗೋಪುರಗಳನ್ನು ನಿಲ್ಲಿಸಿ, ಮೇಲಕ್ಕೂ ಕೆಳಕ್ಕೂ ಆಡುವ ಗಾಳಿಯನ್ನು ಸೆಕೆಂಡಿಗೆ ಹತ್ತಾರು ಸಲ ಪರೀಕ್ಷಿಸುತ್ತಾರೆ. ಹೊರಬಂದ ಇಂಗಾಲದ ವಯಸ್ಸನ್ನು ಕೂಡ ಗೊತ್ತುಮಾಡುವುದುಂಟು. ಅದರಲ್ಲಿ ಒಂದು ಪಾಲು ಸಾವಿರಾರು ವರ್ಷಗಳಷ್ಟು ಹಳೆಯದು. ನಮ್ಮ ನಾಡಿನಲ್ಲಿ ರಾಗಿ ಬಿತ್ತುವ ಮೊದಲೇ ನೆಲ ಸೇರಿದ್ದ ಬೇರುಗಳ ಉಸಿರು ಇಂದು ಹೊರಬರುತ್ತಿದೆ.

ಈ ನಷ್ಟಕ್ಕೆ ಕರ್ತೃ ಯಾರು? ಆ ನೆಲವನ್ನು ಯಾರೂ ಉಳಲಿಲ್ಲ, ಮಾರಲಿಲ್ಲ. ಅಲ್ಲಿ ಹಿಮಸಾರಂಗ ಮೇಯಿಸುವವನ ಕೈ ಇದರಲ್ಲಿಲ್ಲ. ಕರ್ಮವು ನಡೆದಿದೆ, ಫಲವೂ ಕಾಣುತ್ತಿದೆ, ಆದರೆ ಮಾಡಿದವನೆಂದು ಒಬ್ಬನನ್ನು ತೋರಿಸಲಾಗದು. ಕೋಟಿಗಟ್ಟಲೆ ಜನರ ಅಲ್ಪಾಲ್ಪ ಕೃತ್ಯಗಳು ಕೂಡಿ ಯಾರೂ ಬಯಸದ ಕೃತ್ಯವೊಂದಾಯಿತು. ಪಾಲು ಸಮನಲ್ಲ, ನಿಜ. ಕಲ್ಲಿದ್ದಲಿನಿಂದ ಸಿರಿವಂತವಾದ ದೇಶಗಳ ಪಾಲು ದೊಡ್ಡದು. ಎತ್ತು ಹೂಡಿ ಉಂಡವನ ಪಾಲು ಹುಡುಕಿದರೂ ಕಾಣದಷ್ಟು. ಈ ವ್ಯತ್ಯಾಸವನ್ನು ಮರೆಮಾಡಿ 'ಮಾನವನು ಭೂಮಿಯನ್ನು ಕೆಡಿಸಿದನು' ಎಂದು ಒಟ್ಟಾರೆಯಾಗಿ ಹೇಳುವುದು ಭಾಷಣಕ್ಕೆ ಸೊಗಸು, ನ್ಯಾಯಕ್ಕೆ ಸಲ್ಲದು.

ಇಲ್ಲಿಗೂ ಅಲ್ಲಿಗೂ ನಡೆಯುವ ನಿಯಮವು ಒಂದೇ ಆಗಿದೆ. ತೇವವಿದ್ದಲ್ಲಿ ಉಷ್ಣತೆಯು ಹತ್ತು ಡಿಗ್ರಿ ಏರಿದರೆ ಮಣ್ಣಿನ ಜೀವಿಗಳು ಸುಮಾರು ಇಮ್ಮಡಿ ವೇಗದಲ್ಲಿ ತಿನ್ನುತ್ತವೆ. ಅಲ್ಲಿ ಇಂಗಾಲವನ್ನು ಕಾಯ್ದದ್ದು ಚಳಿ. ನಮ್ಮಲ್ಲಿ ಆ ಕಾವಲುಗಾರನಿಲ್ಲ. ನಮ್ಮ ಕೆಂಪು ಮಣ್ಣು ವರ್ಷವೆಲ್ಲ ಬೆಚ್ಚಗಿರುತ್ತದೆ. ಹಾಕಿದ ಗೊಬ್ಬರದ ಹೆಚ್ಚಿನ ಪಾಲು ಒಂದೆರಡು ಮಳೆಗಾಲಗಳಲ್ಲಿಯೇ ಗಾಳಿಯಾಗುತ್ತದೆ. ಆದುದರಿಂದ ನಮ್ಮ ಹೊಲದ ಇಂಗಾಲವು ಕೂಡಿಟ್ಟು ಬೀಗ ಹಾಕುವ ನಿಧಿಯಲ್ಲ. ಸೋರುವ ಗಡಿಗೆಯಲ್ಲಿನ ನೀರಿನಂತೆ, ಹಾಕುತ್ತಿದ್ದರೆ ಇರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿ 1978ರಲ್ಲಿ ಮೊದಲಾದ ಖುಷ್ಕಿ ರಾಗಿಯ ದೀರ್ಘಕಾಲದ ಪ್ರಯೋಗವು ಇದನ್ನೇ ತೋರಿಸಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನು ವರ್ಷ ವರ್ಷವೂ ರಸಗೊಬ್ಬರದೊಡನೆ ಕೊಟ್ಟ ಮಡಿಗಳಲ್ಲಿ ಇಳುವರಿಯು ನಿಂತಿತು, ಇಂಗಾಲವೂ ಮಿಕ್ಕವುಗಳಿಗಿಂತ ಹೆಚ್ಚಾಗಿ ಉಳಿಯಿತು. ಏನೂ ಕೊಡದ ಮಡಿಗಳು ಬಡವಾದವು.

ನಮ್ಮ ನಾಲ್ಕು ತಾಲ್ಲೂಕುಗಳ ಬೇಸಾಯವನ್ನು ಈ ದೃಷ್ಟಿಯಿಂದ ನೋಡಿದರೆ ಕಳವಳಕ್ಕೆ ಕಾರಣವುಂಟು. ಹಾಸನದ ಆಲೂಗೆಡ್ಡೆಗೆ ಮಣ್ಣನ್ನು ಸಡಿಲಿಸಿ, ಏರಿಸಿ, ಕಡೆಗೆ ಮತ್ತೆ ಅಗೆಯಲೇಬೇಕು. ಅಗೆದಷ್ಟೂ ಗಾಳಿಯಾಡಿ ಇಂಗಾಲವು ಬೇಗ ಉರಿಯುತ್ತದೆ. ಅರಕಲಗೂಡು, ರಾಮನಾಥಪುರದ ಕಡೆಯ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಎಲೆ ಹದಮಾಡಲು ಸೌದೆ ಉರಿಯುವುದು ಎಲ್ಲರೂ ಬಲ್ಲ ಸಂಗತಿ. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಬಿದ್ದ ಗರಿ, ಮಟ್ಟೆಗಳನ್ನು ಬುಡಕ್ಕೆ ಮುಚ್ಚುವವರೂ ಇದ್ದಾರೆ, ರಾಶಿ ಹಾಕಿ ಕಡ್ಡಿ ಗೀರುವವರೂ ಇದ್ದಾರೆ. ಹೊಳೆನರಸೀಪುರದ ನಾಲೆಯ ಬಯಲಿನ ಮಾತು ಬೇರೆ; ಗೊರೂರು ಅಣೆಕಟ್ಟಿನ ನೀರು ಬಂದ ಮೇಲೆ ಅಲ್ಲಿ ಬೆಳೆ ಹೆಚ್ಚಿತು, ಮಣ್ಣಿಗೆ ಸೇರುವ ಬೇರು ಕೂಳೆಗಳೂ ಹೆಚ್ಚಿದವು. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರು ಬಂದ ಮನೆಗಳಲ್ಲಿ ಮಾತ್ರ ಎಲ್ಲೆಡೆಯೂ ತಿಪ್ಪೆಯು ಕುಗ್ಗಿದೆ.

ಇಂಥ ಸಮಯದಲ್ಲಿ ಮಣ್ಣಿನ ಇಂಗಾಲಕ್ಕೆ ಮಾರುಕಟ್ಟೆಯು ಬರುತ್ತಿದೆ. 2024ರ ಜನವರಿಯಲ್ಲಿ ಕೇಂದ್ರ ಕೃಷಿ ಸಚಿವಾಲಯವು ಕೃಷಿಯಲ್ಲಿ ಸ್ವಯಂಪ್ರೇರಿತ ಕಾರ್ಬನ್ ಮಾರುಕಟ್ಟೆಗೆ ಒಂದು ಚೌಕಟ್ಟನ್ನು ಪ್ರಕಟಿಸಿತು. ಅದರ ತಿರುಳಿಷ್ಟು: ರೈತನು ಒಂದು ಟನ್ ಇಂಗಾಲದ ಡೈಆಕ್ಸೈಡ್‌ನಷ್ಟನ್ನು ಗಾಳಿಗೆ ಹೋಗದಂತೆ ತಡೆದರೆ ಅಥವಾ ಮಣ್ಣಿನಲ್ಲಿ ಹಿಡಿದಿಟ್ಟರೆ ಒಂದು ಕ್ರೆಡಿಟ್. ಅದನ್ನು ಕಂಪನಿಯೊಂದು ಕೊಂಡು, ತಾನು ಹೊರಬಿಟ್ಟ ಒಂದು ಟನ್ನಿಗೆ ಸರಿಮಾಡಿಕೊಳ್ಳಬಹುದು. ಕೇಳಲು ನ್ಯಾಯವಾಗಿಯೇ ಇದೆ. ಬೆಲೆ ಕುಸಿದ ಆಲೂಗೆಡ್ಡೆಯನ್ನು ರಸ್ತೆಗೆ ಸುರಿಯುವ ಸ್ಥಿತಿಗೆ ಬಂದವನಿಗೆ ನಾಲ್ಕು ಕಾಸು ಬಂದರೆ ಬೇಡವೆನ್ನಲು ನಾವು ಯಾರು? ತ್ಯಾಗದ ಉಪದೇಶವು ಸದಾ ಬಡವನ ಬಾಗಿಲಿಗೇ ಹೋಗುವುದನ್ನು ನಾನು ಒಪ್ಪುವವನಲ್ಲ.

ಆದರೂ ಇಲ್ಲಿ ಎರಡು ವಸ್ತುಗಳನ್ನು ಬೇರ್ಪಡಿಸಬೇಕಾಗಿದೆ. ರೈತನು ತಿಪ್ಪೆ ಕಟ್ಟಿದನು, ಹೊಂಗೆ ಸೊಪ್ಪನ್ನು ತುಳಿಸಿದನು, ಗರಿಯನ್ನು ಸುಡದೆ ಮುಚ್ಚಿದನು. ಇದು ಕಾಯಕ; ಕಾಯಕಕ್ಕೆ ತಕ್ಕ ಪ್ರತಿಫಲವನ್ನು ಸಮಾಜವು ಕೊಡುವುದು ಧರ್ಮವೇ ಸರಿ. ಮಣ್ಣಿನೊಳಗಿರುವ ಇಂಗಾಲವನ್ನೇ, ಇನ್ನೊಬ್ಬನು ಹೊಗೆಯುಗುಳಲು ಅಪ್ಪಣೆಯ ಚೀಟಿಯಾಗುವಂತೆ, ಮಾರುವುದು ಬೇರೆ. ಕಾರ್ಖಾನೆಯ ಹೊಗೆಯ ಪರಿಣಾಮವು ಗಾಳಿಯಲ್ಲಿ ಶತಮಾನಗಳ ಕಾಲ ನಿಲ್ಲುವುದು. ನಮ್ಮ ಹೊಲದ ಇಂಗಾಲವು ಎರಡು ಬರಗಾಲ ಬಂದರೆ ಇಳಿಯುವುದು. ನಿತ್ಯ ಕೊಡುತ್ತಿದ್ದರೆ ಮಾತ್ರ ಇರುವ ವಸ್ತುವನ್ನು ಒಮ್ಮೆಗೇ ಕೊಟ್ಟುಬಿಟ್ಟೆನೆಂದು ಬರೆದುಕೊಡುವುದು ಹೇಗೆ? ನಿನ್ನೆ ನಡೆದ ದಾಸೋಹದ ಲೆಕ್ಕ ತೋರಿಸಿ ಇಂದಿನ ಹಸಿದವನನ್ನು ಹಿಂದಿರುಗಿಸಲಾಗದು.

ಇದಲ್ಲದೆ, ಒಂದು ಹೊಲದ ಸಂಖ್ಯೆ ಏರಿತೆಂದರೆ ಲೋಕಕ್ಕೆ ಲಾಭವಾಯಿತೆಂದೇ ಅರ್ಥವಲ್ಲ. ಖುಷ್ಕಿ ಹೊಲದವನ ಗೊಬ್ಬರವನ್ನು ತೋಟದವನು ಲಾರಿಯಲ್ಲಿ ತರಿಸಿಕೊಂಡರೆ ತೋಟದ ಚೀಟಿಯಲ್ಲಿ ಇಂಗಾಲ ಏರುತ್ತದೆ, ಹೊಲದ ಚೀಟಿಯಲ್ಲಿ ಇಳಿಯುತ್ತದೆ. ಕೆರೆಯ ಗೋಡನ್ನು ಹೊಡೆದುಕೊಂಡವನ ವಿಚಾರವೂ ಅಷ್ಟೆ. ಗಾಳಿಗೆ ಇದರಿಂದ ಏನೂ ಕಡಮೆಯಾಗಲಿಲ್ಲ. ಆದರೆ ಬೆಲೆಯು ತೋಟದ ಸಂಖ್ಯೆಗೆ ಬಂದರೆ ಹಣವು ಒಬ್ಬನಿಗೆ, ಬಡತನವು ಮತ್ತೊಬ್ಬನಿಗೆ.

ಕಡೆಗೆ ಒಡೆತನದ ಪ್ರಶ್ನೆ. ನಮ್ಮ ರಾಜ್ಯದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿ ಪದ್ಧತಿಯನ್ನು ತೆಗೆದುಹಾಕಿ, ಉಳುವವನೇ ಹೊಲದೊಡೆಯನೆಂಬ ತತ್ತ್ವಕ್ಕೆ ಬಲ ಕೊಟ್ಟಿತು. ನೆಲದ ಒಡೆತನಕ್ಕೆ ಅದು ಉತ್ತರ. ನೆಲದೊಳಗಿನ ಇಂಗಾಲವನ್ನು ಕೂಡಿಸಿದವರು ಯಾರೆಂದು ಕೇಳಿದರೆ ಪಹಣಿಯಲ್ಲಿ ಉತ್ತರವಿಲ್ಲ. ಅಜ್ಜನು ಬದುವಿನ ಮೇಲೆ ನೆಟ್ಟ ಹೊಂಗೆ, ಎಂದೋ ಸತ್ತ ಎತ್ತುಗಳು, ಮಂಕರಿಯಲ್ಲಿ ಗೊಬ್ಬರ ಹೊತ್ತ ಕೂಲಿಯ ಹೆಣ್ಣುಮಗಳು, ಮಳೆ, ಬಿಸಿಲು, ಎರೆಹುಳು, ಇವರೆಲ್ಲರ ಕೈ ಅದರಲ್ಲಿದೆ. ಇದಕ್ಕೆ ನಾನೊಬ್ಬನೇ ಒಡೆಯನೆಂದು ರುಜು ಹಾಕುವುದಕ್ಕೆ ಮುಂಚೆ ಯಾರ ಕೈಯಾದರೂ ಒಂದು ಗಳಿಗೆ ತಡೆಯಬೇಕು. ಈ ಇಂಗಾಲಕ್ಕೆ ನಾವು ಒಡೆಯರೆನ್ನುವುದಕ್ಕಿಂತ ಪಾರುಪತ್ತೇಗಾರರೆನ್ನುವುದು ಸತ್ಯಕ್ಕೆ ಹತ್ತಿರ. ಪಾರುಪತ್ತೇಗಾರನಿಗೆ ಸಂಬಳ ಸಲ್ಲುತ್ತದೆ. ಭಂಡಾರವನ್ನು ಮಾರುವ ಹಕ್ಕು ಅವನಿಗಿಲ್ಲ.

ತತ್ತ್ವವು ಹೀಗಿದ್ದರೂ ಕರಾರುಪತ್ರವು ಊರಿಗೆ ಬಂದಾಗ ಕೇಳಬೇಕಾದವು ಬೇರೆ ಪ್ರಶ್ನೆಗಳು. ಎಷ್ಟು ವರ್ಷದ ಕಟ್ಟುಪಾಡು? ಅಳೆಯುವವರು ಯಾರು, ಎಷ್ಟು ಆಳಕ್ಕೆ? ಬರದಿಂದ ಇಂಗಾಲವು ಇಳಿದರೆ ಹಣವನ್ನು ಹಿಂದಿರುಗಿಸಬೇಕೆ? ಮಗನು ಬೆಳೆಯನ್ನು ಬದಲಿಸಬಹುದೆ? ವಾರಕ್ಕೆ ಮಾಡುವವನಿಗೆ ಪಾಲೆಷ್ಟು? ಕಾರೇಕೆರೆಯ ಕೃಷಿ ಕಾಲೇಜಿನಲ್ಲಿಯೂ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಮಣ್ಣನ್ನು ಬಲ್ಲವರಿದ್ದಾರೆ. ಮಠದಲ್ಲಿ ಪ್ರಸಾದ ಸ್ವೀಕರಿಸಿ ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ಉಪಾಧ್ಯಾಯರಿದ್ದಾರೆ, ಕೃಷಿ ಪದವೀಧರರಿದ್ದಾರೆ. ಆ ಪತ್ರವು ಇಂಗ್ಲಿಷಿನಲ್ಲಿ ಬಂದರೆ, ಊರಿನವರು ಹೆಬ್ಬೆಟ್ಟೊತ್ತುವುದಕ್ಕೆ ಮೊದಲು ಅರಳಿಕಟ್ಟೆಯ ಮೇಲೆ ಕುಳಿತು ಅದರ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿಹೇಳುವ ಕೆಲಸವು ಅವರಿಂದ ಆಗಬೇಕಾಗಿದೆ.