ನಮ್ಮ ಹಿರಿಯರ ಗತಿ ಏನು?

ಮರಣವನ್ನೂ ನಿತ್ಯಜೀವವನ್ನೂ ಕುರಿತು ಉಪದೇಶವಾದ ಮೇಲೆ ಹಳ್ಳಿಯ ಸಭೆಗಳಲ್ಲಿ ವೃದ್ಧರು ಒಂದು ಪ್ರಶ್ನೆಯನ್ನು ಕೇಳುವದುಂಟು: “ನಾವು ಕ್ರಿಸ್ತನನ್ನು ನಂಬಿದೆವು, ಸರಿ, ಆತನ ಹೆಸರನ್ನೇ ಕೇಳದೆ ಸತ್ತ ನಮ್ಮ ಅಪ್ಪ ಅವ್ವಂದಿರ ಗತಿ ಏನು, ಅಯ್ಯನವರೇ?” ಇದನ್ನು ಅಜ್ಞಾನದ ಮಾತೆಂದು ತಳ್ಳಿಬಿಡುವವರಿದ್ದಾರೆ. ನಮಗಾದರೋ ಇದು ಪ್ರೀತಿಯಿಂದ ಹುಟ್ಟಿದ ಪ್ರಶ್ನೆಯೆಂದು ತೋರುತ್ತದೆ. ವರುಷಕ್ಕೊಮ್ಮೆ ಹಿರಿಯರಿಗೆ ಎಡೆಯಿಡುವದನ್ನು ಬಿಟ್ಟವರ ಹೃದಯದಲ್ಲಿ, ಆ ಹಿರಿಯರನ್ನೇ ಕೈಬಿಟ್ಟೆವೋ ಎಂಬ ಅಳುಕು ಉಳಿಯುವದು ಸಹಜವೇ.

ಪ್ರಶ್ನೆಯು ಹೊಸದಲ್ಲ. 719ರಲ್ಲಿ ಸತ್ತ ಫ್ರಿಸಿಯ ದೇಶದ ಅರಸನಾದ ರಾದ್ಬೋದನು ದೀಕ್ಷಾಸ್ನಾನಕ್ಕಾಗಿ ಒಂದು ಕಾಲನ್ನು ನೀರಿನಲ್ಲಿಟ್ಟು, ತನ್ನ ಪೂರ್ವಿಕರು ಎಲ್ಲಿದ್ದಾರೆಂದು ಕೇಳಿದನಂತೆ. ನರಕದಲ್ಲಿದ್ದಾರೆಂದು ಉತ್ತರ ಬರಲು, ಕಾಲನ್ನು ಹಿಂದಕ್ಕೆ ತೆಗೆದು, ತಾನೂ ಅವರ ಸಂಗಡಲೇ ಇರುವೆನೆಂದು ಹೊರಟುಹೋದನಂತೆ. ಇದು ದಂತಕಥೆಯಾಗಿರಬಹುದು, ಜಪಾನಿನ ಸಂಗತಿಯು ಹಾಗಲ್ಲ. 1549ರಲ್ಲಿ ಅಲ್ಲಿಗೆ ಹೋದ ರೋಮನ್ ಸಭೆಯ ಬೋಧಕನಾದ ಫ್ರಾನ್ಸಿಸ್ ಕ್ಸೇವಿಯರನು 1552ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ, ಹೊಸ ವಿಶ್ವಾಸಿಗಳು ತಮ್ಮ ಹಿರಿಯರಿಗೆ ಬಿಡುಗಡೆಯಿಲ್ಲವೆಂದು ಕೇಳಿ ಅತ್ತರೆಂದೂ, ಅದನ್ನು ಕಂಡು ತನಗೂ ದುಃಖವಾಯಿತೆಂದೂ ತಿಳಿಸಿದ್ದಾನೆ.

ದೇವಭಕ್ತರೆಲ್ಲರೂ ಒಂದೇ ಉತ್ತರವನ್ನು ಕೊಟ್ಟದ್ದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಸಭೆಯನ್ನು ಸುಧಾರಿಸಿದ ಜ್ವಿಂಗ್ಲಿಯು, ಗ್ರೀಕ್ ಜ್ಞಾನಿಯಾದ ಸಾಕ್ರೆಟೀಸನಂಥವರನ್ನೂ ಪರಲೋಕದಲ್ಲಿ ಕಾಣಬಹುದೆಂದು 1531ರಲ್ಲಿ ಬರೆದನು. ಲೂಥರನಿಗೆ ಅದರಿಂದ ಬಹು ಕೋಪ ಬಂತು. ಇಂಥ ದೊಡ್ಡವರೇ ಒಮ್ಮತವಾಗದಿರುವಾಗ, ಯಾರಾದರೂ ಮಸಣದ ಬಳಿಯಲ್ಲಿ ನಿಂತು ಇಂಥವನು ನರಕಕ್ಕೆ ಹೋದನೆಂದು ತೀರ್ಪು ಹೇಳುವದು ನಮಗೆ ಸರಿದೋರುವದಿಲ್ಲ. ಆ ಪೀಠವು ಮನುಷ್ಯರಿಗೆ ಕೊಡಲ್ಪಟ್ಟಿಲ್ಲ.

ವೇದವಾದರೋ ನಮ್ಮನ್ನು ಬರಿಗೈಯಲ್ಲಿ ಬಿಟ್ಟಿಲ್ಲ. ಅಬ್ರಹಾಮನು ಸೊದೋಮಿನವರಿಗೋಸ್ಕರ ಬೇಡಿಕೊಂಡಾಗ, ಲೋಕದ ನ್ಯಾಯಾಧಿಪತಿಯು ಅನ್ಯಾಯ ಮಾಡನೆಂಬದನ್ನೇ ಆಧಾರವಾಗಿ ಹಿಡಿದನು. ಯಜಮಾನನ ಚಿತ್ತವನ್ನು ಅರಿತೂ ತಪ್ಪಿದ ಆಳಿಗೂ ಅರಿಯದೆ ತಪ್ಪಿದವನಿಗೂ ಪೆಟ್ಟು ಸಮನಲ್ಲವೆಂದು ಕರ್ತನು ಸಾಮ್ಯರೂಪವಾಗಿ ಬೋಧಿಸಿದನು. ಒಕ್ಕಲುತನದವರಾದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಹೇಳದೇ ಇದ್ದ ಕೆಲಸವನ್ನು ಮಾಡಲಿಲ್ಲವೆಂದು ಆಳಿನ ಕೂಲಿಯನ್ನು ಹಿಡಿಯುವ ಗೌಡನನ್ನು ಊರವರೇ ಜರೆಯುತ್ತಾರೆ. ಸತ್ಯವೇದವು ಪೂರ್ಣವಾಗಿ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ. ಅದಕ್ಕೆ ಮೊದಲು ಕಣ್ಣು ಮುಚ್ಚಿದವರು ತಾವು ಕಾಣದ ಪುಸ್ತಕಕ್ಕೆ ಲೆಕ್ಕ ಕೊಡುವರೋ? ಧರ್ಮಶಾಸ್ತ್ರವಿಲ್ಲದ ಜನರಿಗೂ ಹೃದಯದಲ್ಲಿ ಒಂದು ಬರಹವುಂಟು, ಮನಸ್ಸಾಕ್ಷಿಯು ಅದನ್ನು ಓದುತ್ತದೆ ಎಂಬ ಅಭಿಪ್ರಾಯವನ್ನು ಪೌಲನು ರೋಮಾಪುರದವರಿಗೆ ಬರೆದನು. (ಸೆರೆಯಲ್ಲಿದ್ದ ಆತ್ಮಗಳಿಗೆ ಕ್ರಿಸ್ತನು ಸಾರಿದ ವಿಷಯವಾಗಿ ಪೇತ್ರನು ಬರೆದದ್ದನ್ನು ಕೆಲವರು ಇಲ್ಲಿ ತರುತ್ತಾರೆ. ಆದರೆ ಅದು ನೋಹನ ಕಾಲದವರ ಮಾತು. ಅದರ ಮೇಲೆ ದೊಡ್ಡ ಮನೆಯನ್ನು ಕಟ್ಟುವದು ಬೇಡ.)

ಹಾಗಾದರೆ ಹಿರಿಯರು ತಮ್ಮ ಪುಣ್ಯದಿಂದಲೇ ರಕ್ಷಣೆ ಹೊಂದಿದರೆಂದು ನಾವು ಹೇಳುತ್ತೇವೋ? ಇಲ್ಲ. ಅವರಲ್ಲಿ ಯಾರಾದರೂ ದೇವರ ಸನ್ನಿಧಿಯಲ್ಲಿದ್ದರೆ ಅದು ಕ್ರಿಸ್ತನ ಮರಣದ ಫಲದಿಂದಲೇ. ಯೇಸುವೆಂಬ ಹೆಸರನ್ನು ಕೇಳದ ಅಬ್ರಹಾಮನಿಗೂ ಬೇರೆ ದಾರಿಯಿರಲಿಲ್ಲ. ಕೇಳದವರಿಗೆ ಕರುಣೆಯ ನಿರೀಕ್ಷೆಯಿದ್ದರೆ ಸುವಾರ್ತೆ ಏತಕ್ಕೆ ಎನ್ನುವವರೂ ಉಂಟು. ಅಜ್ಜನು ಕತ್ತಲೆಯಲ್ಲಿ ಎಡವುತ್ತಾ ಮನೆ ಸೇರಿದನೆಂದು ಮೊಮ್ಮಗನು ಕೈಯಲ್ಲಿರುವ ಕಂದೀಲನ್ನು ಆರಿಸುವನೋ? ತನ್ನ ಮಹತ್ಕಾರ್ಯಗಳನ್ನು ಕಂಡೂ ತಿರುಗಿಕೊಳ್ಳದ ಬೇತ್ಸಾಯಿದಕ್ಕಿಂತ ತೂರ್ ಸೀದೋನ್ ಪಟ್ಟಣಗಳ ಗತಿಯೇ ಮೇಲೆಂದು ಕರ್ತನು ಎಚ್ಚರಿಸಿದ್ದು ಕೇಳಿದವರನ್ನು ಕುರಿತು. ಭಾನುವಾರ ಭಾನುವಾರ ಚಾಪೆಯ ಮೇಲೆ ಕೂತು ಕೇಳುವ ನಾವು ತೂರಿನವರಲ್ಲ.

ಎಡೆಯಿಡುವದನ್ನು ಬಿಟ್ಟೆವೆಂದು ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯು ರದ್ದಾಗಲಿಲ್ಲ. ಅವರಿಗಾಗಿ ದೇವರನ್ನು ಸ್ತುತಿಸುವದಕ್ಕೂ, ಅವರ ಒಳ್ಳೇ ನಡತೆಯನ್ನು ಮಕ್ಕಳಿಗೆ ಹೇಳುವದಕ್ಕೂ, ಸಮಾಧಿಯ ಮೇಲೆ ಬೆಳೆದ ಮುಳ್ಳನ್ನು ಕಡಿಯುವದಕ್ಕೂ, ಅಪ್ಪನು ಬಿಟ್ಟುಹೋದ ಸಾಲವನ್ನು ತೀರಿಸುವದಕ್ಕೂ ಅಡ್ಡಿಯಿಲ್ಲ.