ಯಾರ ಅರಿವು ಪ್ರಮಾಣ?

ಶಾಸ್ತ್ರವನ್ನು ಓದಿದವನ ಮಾತು ಹಿರಿದೋ, ಕಂಡುಂಡವನ ಮಾತು ಹಿರಿದೋ ಎಂಬ ಪ್ರಶ್ನೆಯು ಇಂದು ನಿನ್ನೆಯದಲ್ಲ. ಹನ್ನೆರಡನೆಯ ಶತಮಾನದ ಶಿವಶರಣರು ಬರಿಯ ಓದಿನ ಪಾಂಡಿತ್ಯವನ್ನು ಮನ್ನಿಸದೆ ಅನುಭವಕ್ಕೆ ಅಗ್ರಸ್ಥಾನವನ್ನಿತ್ತರೆಂಬುದು ಸರ್ವವಿದಿತ. ಇದನ್ನೇ ಆಧಾರವಾಗಿಟ್ಟುಕೊಂಡು “ನಾನೇ ಕಣ್ಣಾರೆ ಕಂಡಿರುವಾಗ ಬಲ್ಲವರ ಮಾತು ನನಗೇಕೆ?” ಎನ್ನುವವರೂ ಉಂಟು. ಶರಣರ ಅಭಿಪ್ರಾಯವು ಇದೇ ಆಗಿತ್ತೇ ಎಂಬುದು ವಿಚಾರಾರ್ಹವಾಗಿದೆ.

ಒಂದು ದೃಷ್ಟಾಂತವನ್ನು ನೋಡಬಹುದು. ಹೊಲದಲ್ಲಿ ಒಬ್ಬನಿಗೆ ಹಾವು ಕಚ್ಚಿತೆಂದರೆ ಮನೆಯವರು ಎಷ್ಟೋ ವೇಳೆ ಅವನನ್ನು ಬೇರು ಕೊಡುವವನ ಬಳಿಗೆ ಒಯ್ಯುತ್ತಾರೆ. “ಇವನ ಕೈಯಲ್ಲಿ ಬಹಳ ಜನ ಉಳಿದಿದ್ದಾರೆ” ಎಂಬುದು ಅವರ ನಂಬಿಕೆ. ಉಳಿದದ್ದು ಸುಳ್ಳಲ್ಲ. ಆದರೆ ನಮ್ಮ ನಾಡಿನ ಹಾವುಗಳಲ್ಲಿ ಹೆಚ್ಚಿನವು ಮನುಷ್ಯನನ್ನು ಕೊಲ್ಲುವಷ್ಟು ವಿಷವಿಲ್ಲದವು. ವಿಷದ ಹಾವು ಸಹ ಕೆಲವೊಮ್ಮೆ ವಿಷವನ್ನಿಳಿಸದೆ ಕಚ್ಚುವುದುಂಟು. ಬೇರಿಲ್ಲದೆಯೂ ಬದುಕತಕ್ಕವರು ಬೇರಿನಿಂದ ಬದುಕಿದವರ ಲೆಕ್ಕಕ್ಕೆ ಸೇರಿದರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಇವುಗಳ ವಿಷವೇರಿದಲ್ಲಿ ಪ್ರತಿವಿಷದ ಚುಚ್ಚುಮದ್ದೇ ಔಷಧ. ವ್ಯರ್ಥವಾಗಿ ಕಳೆದ ಒಂದೊಂದು ಗಳಿಗೆಯೂ ಪ್ರಾಣಕ್ಕೆ ಎರವಾಗಬಹುದು. ಇಲ್ಲಿ ಕಂಡದ್ದು ಸತ್ಯ. ಅದಕ್ಕೆ ಕಲ್ಪಿಸಿದ ಕಾರಣ ಅಸತ್ಯ.

ಹಾಗೆಂದು ಪಂಡಿತನ ಮಾತೇ ಸರ್ವಸ್ವವೆಂಬುದೂ ಸಲ್ಲದು. ಕಟ್ಟುಹಾವು ಹೆಚ್ಚಾಗಿ ಇರುಳಿನಲ್ಲಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಅಷ್ಟಾಗಿ ತೋರದು. ಗಾಯದ ಗುರುತು ಅನೇಕ ವೇಳೆ ಕಾಣದು. ಬೆಳಗಾಗುವ ಹೊತ್ತಿಗೆ ಹೊಟ್ಟೆ ನೋಯುತ್ತದೆ, ಕಣ್ಣಿನ ರೆಪ್ಪೆಗಳು ಜೋಲುತ್ತವೆ. ಗಾಯವಿಲ್ಲವೆಂಬ ಮಾತ್ರಕ್ಕೆ ವೈದ್ಯನು ರೋಗಿಯ ಮಾತನ್ನು ತಳ್ಳಿಹಾಕಿದರೆ ಅವನ ವಿದ್ಯೆಯೇ ಕುರುಡಾದಂತೆ. ಬಾಧೆ ಎಂಥದೆಂದು ಹೇಳುವಲ್ಲಿ ಪಟ್ಟವನೇ ಪ್ರಮಾಣ. ಅದರ ಕಾರಣವನ್ನು ಹೇಳುವಲ್ಲಿ ಬಹುಜನರ ಬಾಧೆಯನ್ನು ಕಂಡು ತೂಗಿನೋಡಿದವನು ಪ್ರಮಾಣ. ವೈದ್ಯಶಾಸ್ತ್ರವೂ ಪರೀಕ್ಷೆಗೆ ನಿಂತ ಬಹುಜನರ ಅನುಭವವೇ ಆಗಿದೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವುಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿದುದು ಇಂಥ ಅನುಭವವನ್ನು ಒಂದೆಡೆ ಕೂಡಿಸುವುದಕ್ಕೆ ಸಾಧನವಾಗಿದೆ.

ಕಲ್ಯಾಣದ ಅನುಭವ ಮಂಟಪದ ಮರ್ಮವೂ ಇದೇ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ವೈದ್ಯ ಸಂಗಣ್ಣ ಮೊದಲಾದ ಶರಣರಿಗೆ ತಂತಮ್ಮ ಕಾಯಕವೇ ಅರಿವಿನ ನೆಲೆಯಾಗಿತ್ತು. ಆದರೆ ಶರಣಸಮೂಹದಲ್ಲಿ ಯಾರ ಅನುಭವವೂ ಪ್ರಶ್ನೆಗೆ ಹೊರತಾಗಿರಲಿಲ್ಲ. ಅಕ್ಕಮಹಾದೇವಿಯವರು ಪ್ರಭುದೇವರ ಕಠಿನ ಪ್ರಶ್ನೆಗಳಿಗೆ ಉತ್ತರವಿತ್ತ ಬಳಿಕವೇ ಮನ್ನಣೆ ಪಡೆದರೆಂದು ಶೂನ್ಯಸಂಪಾದನೆಯು ತಿಳಿಸುತ್ತದೆ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ತಪ್ಪನ್ನು ತೋರಿದರು. ಪತಿ ಅದನ್ನು ಒಪ್ಪಿಕೊಂಡರು. ಹತ್ತು ಜನರ ಮುಂದಿಟ್ಟು ಒರೆಗೆ ಹಚ್ಚದ ಅನುಭವವು ಅಹಂಕಾರವಾಗುವುದು ಸುಲಭ.

ಕಂಡದ್ದನ್ನು ಮರೆಮಾಚದೆ ಹೇಳುವುದು, ಕಾಣದುದನ್ನು ಬಲ್ಲವರಿಂದ ಕೇಳಿ ತಿಳಿಯುವುದು, ಇವೆರಡೂ ಸದ್ಭಕ್ತನ ಲಕ್ಷಣಗಳು. ಹಾವು ಕಚ್ಚಿದ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ದು, ನಡೆದುದನ್ನು ವೈದ್ಯನಿಗೆ ಇದ್ದಂತೆ ತಿಳಿಸಿ, ಬಳಿಕ ಇಷ್ಟಲಿಂಗವನ್ನು ಸ್ಮರಿಸುತ್ತ ಕುಳಿತ ತಂದೆಯ ಭಕ್ತಿಗೆ ಯಾವ ಊನವೂ ಇಲ್ಲ.